ಅಯನಚಲನೆ ಮತ್ತು ನ್ಯೂಟೇಶನ್ ಲೆಕ್ಕ: ಧಾರವಾಡದ ಆಕಾಶದಲ್ಲಿ ಚಿತ್ತಾ ನಕ್ಷತ್ರವನ್ನು ಹಿಡಿಯುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ರಾತ್ರಿ ಧಾರವಾಡದ ಮಾಳಿಗೆಯ ಮೇಲೆ ದೂರದರ್ಶಕ ಹೂಡಿ, ನಕ್ಷತ್ರಪಟ್ಟಿಯಲ್ಲಿರುವ 2000ನೇ ಇಸವಿಯ ಅಂಕಿಗಳನ್ನು ಹಾಗೆಯೇ ಮೌಂಟಿನ (ದೂರದರ್ಶಕವನ್ನು ಹೊತ್ತು ತಿರುಗಿಸುವ ಆಸರೆಯ) ವೃತ್ತಗಳಿಗೆ ಹೊಂದಿಸಿದರೆ ಚಿತ್ತಾ (ಸ್ಪೈಕಾ) ನಕ್ಷತ್ರ ನಡುವಿಗೆ ಬರುವುದಿಲ್ಲ. 2026ರಲ್ಲಿ ಅದು ಸುಮಾರು 22 ಕಲೆ ಆಚೆ ಇರುತ್ತದೆ. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 31 ಕಲೆ ಎಂಬುದನ್ನು ನೆನೆದರೆ ಇದು ಸಣ್ಣ ತಪ್ಪಲ್ಲ ಎಂದು ತಿಳಿಯುತ್ತದೆ. ನಕ್ಷತ್ರ ತಾನಾಗಿ ಸರಿದದ್ದು ಇದರಲ್ಲಿ ಬಲು ಕಡಿಮೆ. ಸರಿದದ್ದು ನಮ್ಮ ಅಳತೆಯ ಚೌಕಟ್ಟು.

ಈ 22 ಕಲೆಯನ್ನು ಮೊದಲು ಕಲೆಗೆ, ಆಮೇಲೆ ವಿಕಲೆಗೆ, ಕೊನೆಗೆ ವಿಕಲೆಯ ನೂರರ ಒಂದಂಶದ ಹತ್ತಿರಕ್ಕೆ ಇಳಿಸುವುದು ಹೇಗೆಂದು ಇಲ್ಲಿ ಒಂದೇ ಉದಾಹರಣೆಯಲ್ಲಿ ಮಾಡಿ ತೋರಿಸಿದೆ. ಕ್ಯಾಲ್ಕುಲೇಟರ್ ಹಿಡಿದು ಜೊತೆಜೊತೆಗೇ ಮಾಡಿ. ಒಮ್ಮೆ ಕೈಯಾರೆ ಮಾಡಿದವರಿಗೆ, ಮುಂದೆ ತಂತ್ರಾಂಶ ತಪ್ಪು ಉತ್ತರ ಕೊಟ್ಟಾಗ ತಪ್ಪು ಎಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಅಳತೆಗೆ ಪಂಚಾಂಗದ ಮಾತನ್ನೇ ಬಳಸುತ್ತೇವೆ: ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ. ಬರೆಯುವಾಗ °, ′, ″.

ಚಲಿಸುವುದು ಏನು?

ಬುಗುರಿಯ ವೇಗ ತಗ್ಗುವಾಗ ಅದರ ತಲೆ ನಿಧಾನವಾಗಿ ಒಂದು ಸುತ್ತು ಹಾಕುತ್ತದಲ್ಲ, ಭೂಮಿಯ ಅಕ್ಷವೂ ಹಾಗೆಯೇ ಸುತ್ತುತ್ತದೆ. ಭೂಮಿಯ ನಡು ಸ್ವಲ್ಪ ಉಬ್ಬಿದೆ, ಆ ಉಬ್ಬನ್ನು ಸೂರ್ಯ ಚಂದ್ರರು ಓರೆಯಾಗಿ ಎಳೆಯುತ್ತಾರೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಇದರಿಂದ ವಸಂತವಿಷುವ ಬಿಂದು, ಅಂದರೆ ಮಾರ್ಚಿನಲ್ಲಿ ಸೂರ್ಯ ವಿಷುವದ್ವೃತ್ತವನ್ನು (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ವೃತ್ತವನ್ನು) ದಾಟುವ ಜಾಗ, ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯನ ವಾರ್ಷಿಕ ದಾರಿಯ) ಮೇಲೆ ವರ್ಷಕ್ಕೆ ಸುಮಾರು 50.29″ ಹಿಂದೆ ಸರಿಯುತ್ತದೆ. ಇದು ಅಯನಚಲನೆ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಗ್ರೀಸಿನ ಹಿಪ್ಪಾರ್ಕಸ್ ಇದನ್ನು ಗುರುತಿಸಿದ್ದು ಇದೇ ಚಿತ್ತಾ ನಕ್ಷತ್ರದ ಹಳೆಯ ಅಳತೆಯನ್ನು ತನ್ನ ಅಳತೆಯ ಜೊತೆ ಹೋಲಿಸಿ. ನಮ್ಮ ಉದಾಹರಣೆಗೂ ಅದನ್ನೇ ಆರಿಸಿಕೊಂಡದ್ದು ಅದಕ್ಕೇ.

ಚಂದ್ರನ ಕಕ್ಷೆಯೂ ಓರೆಯಾಗಿದ್ದು, ಅದರ ಪಾತಬಿಂದು, ಅಂದರೆ ನಮ್ಮ ರಾಹು, 18.6 ವರ್ಷಕ್ಕೊಮ್ಮೆ ಸುತ್ತು ಹಾಕುತ್ತದೆ. ಹಾಗಾಗಿ ಎಳೆತ ಒಂದೇ ಸಮ ಇರುವುದಿಲ್ಲ, ಅಕ್ಷ ತನ್ನ ಸರಾಸರಿ ದಾರಿಯ ಸುತ್ತ ಸಣ್ಣಗೆ ಓಲಾಡುತ್ತದೆ. ಈ ಓಲಾಟವೇ ನ್ಯೂಟೇಶನ್. ಕ್ರಾಂತಿವೃತ್ತದ ಉದ್ದಕ್ಕೆ ಅಳೆಯುವ ರೇಖಾಂಶದಲ್ಲಿ ಅದರ ದೊಡ್ಡ ಪದ 17.2″, ಅಕ್ಷದ ಓರೆಯಲ್ಲಿ 9.2″. ಇಂಗ್ಲೆಂಡಿನ ಜೇಮ್ಸ್ ಬ್ರಾಡ್ಲಿ 1748ರಲ್ಲಿ ಇದನ್ನು ಪ್ರಕಟಿಸಿದ.

ನಮ್ಮ ಕಡೆಯ ಬದುಕಿನಲ್ಲೂ ಇದರ ಗುರುತು ಕಾಣುತ್ತದೆ. ಹಾವೇರಿ, ಗದಗದ ಒಕ್ಕಲಿಗರು ಎಣಿಸುವ ರೋಹಿಣಿ ಮಳೆ, ಮೃಗಶಿರಾ ಮಳೆ, ಚಿತ್ತಿ ಮಳೆ ಎಂದರೆ ಸೂರ್ಯ ಆಯಾ ನಕ್ಷತ್ರದಲ್ಲಿರುವ ದಿನಗಳು. ಅವು ಕ್ಯಾಲೆಂಡರಿನಲ್ಲಿ ಸುಮಾರು 71 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಜರುಗುತ್ತಿವೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ, ಮಕರ ಸಂಕ್ರಾಂತಿ ಬರುವುದು ಜನವರಿ 14–15ಕ್ಕೆ. ಈ ಅಂತರಕ್ಕೂ ಅದೇ ಕಾರಣ.

ಮೊದಲು ನಿರ್ಧರಿಸಿ: ಎಷ್ಟು ನಿಖರತೆ ಬೇಕು?

ಐಪೀಸಿನಲ್ಲಿ ನಕ್ಷತ್ರ ಕಂಡರೆ ಸಾಕು ಎನ್ನುವವರಿಗೆ ಎರಡೇ ಸಾಲು ಸಾಕು. ವರ್ಷವೊಂದಕ್ಕೆ,

ವಿಷುವದಂಶದ ಬದಲಾವಣೆ = 3.075 + 1.336 × ಸೈನ್(ವಿ) × ಟ್ಯಾನ್(ಕ್ರಾ) ಸೆಕೆಂಡು
ಕ್ರಾಂತಿಯ ಬದಲಾವಣೆ = 20.04 × ಕೊಸೈನ್(ವಿ) ವಿಕಲೆ

ಇಲ್ಲಿ ‘ವಿ’ ಎಂದರೆ ವಿಷುವದಂಶ (ವಸಂತವಿಷುವ ಬಿಂದುವಿನಿಂದ ಪೂರ್ವಕ್ಕೆ ಎಣಿಸುವ ಕೋನ, 24 ಗಂಟೆಗೆ 360°), ‘ಕ್ರಾ’ ಎಂದರೆ ಕ್ರಾಂತಿ (ವಿಷುವದ್ವೃತ್ತದಿಂದ ಇರುವ ದೂರ, ಉತ್ತರಕ್ಕೆ ಧನ, ದಕ್ಷಿಣಕ್ಕೆ ಋಣ). ಚಿತ್ತಾಕ್ಕೆ ಇದನ್ನು 26.2867 ವರ್ಷಕ್ಕೆ ಹಾಕಿದರೆ 83.35 ಸೆಕೆಂಡು ಮತ್ತು −490.8″ ಬರುತ್ತದೆ. ಮುಂದೆ ಪೂರ್ತಿ ಲೆಕ್ಕದಲ್ಲಿ ಬರುವ ಉತ್ತರಕ್ಕೂ ಇದಕ್ಕೂ ಒಂದು ವಿಕಲೆಯಷ್ಟೂ ವ್ಯತ್ಯಾಸವಿಲ್ಲ. ಧ್ರುವದಿಂದ ದೂರವಿರುವ ನಕ್ಷತ್ರಕ್ಕೆ, ಕೆಲವು ದಶಕಗಳ ಅಂತರಕ್ಕೆ ಈ ಸೂತ್ರವನ್ನು ಧೈರ್ಯವಾಗಿ ಬಳಸಬಹುದು. ಪೂರ್ತಿ ಲೆಕ್ಕ ಮಾಡಿದವರೂ ತಾಳೆ ನೋಡಲು ಇದನ್ನು ಬದಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಚಿಹ್ನೆಯ ತಪ್ಪನ್ನು ಇದಕ್ಕಿಂತ ಬೇಗ ಹಿಡಿಯುವ ಉಪಾಯ ಇನ್ನೊಂದಿಲ್ಲ.

ಧ್ರುವ ನಕ್ಷತ್ರಕ್ಕೆ ಮಾತ್ರ ಈ ಸೂತ್ರ ಬೇಡ. 2000ರಲ್ಲಿ ಅದರ ಕ್ರಾಂತಿ 89°15′51″, ಅಲ್ಲಿ ಟ್ಯಾನ್ ಬೆಲೆ ಸುಮಾರು 78. ವಿಷುವದಂಶ ಬೇಗಬೇಗ ಬದಲಾಗುತ್ತಾ ಹೋಗುವುದರಿಂದ ಸರಳರೇಖೆಯ ಲೆಕ್ಕ ಅಲ್ಲಿ ಕುಸಿಯುತ್ತದೆ.

ಹಂತ 1: ಸಮಯವನ್ನು ಸರಿಪಡಿಸಿಕೊಳ್ಳಿ

ನಮ್ಮ ಕ್ಷಣ: 2026ರ ಏಪ್ರಿಲ್ 15, ರಾತ್ರಿ 10:30, ಭಾರತೀಯ ಕಾಲಮಾನ. ಅಮಾವಾಸ್ಯೆ 17ಕ್ಕೆ ಇರುವುದರಿಂದ ಆಕಾಶ ಕಪ್ಪಾಗಿರುತ್ತದೆ.

ಐದೂವರೆ ಗಂಟೆ ಕಳೆದರೆ ಯುಟಿಸಿ (ಜಗತ್ತಿನ ಗಡಿಯಾರಗಳಿಗೆ ಆಧಾರವಾದ ಕಾಲ) 17:00:00. ಇದಕ್ಕೆ ಅಧಿಕ ಸೆಕೆಂಡುಗಳ ಮೊತ್ತ 37, ಜೊತೆಗೆ 32.184, ಒಟ್ಟು 69.184 ಸೆಕೆಂಡು ಕೂಡಿಸಿದರೆ ಸಮಗತಿಯ ಭೂಕಾಲ, ಅಂದರೆ ಟಿಟಿ: 17:01:09.184. ಏಪ್ರಿಲ್ 15ರ 0 ಗಂಟೆಯ ಜೂಲಿಯನ್ ದಿನ (ಖಗೋಳಜ್ಞರು ಬಳಸುವ, ಎಡೆಬಿಡದ ದಿನಗಳ ಎಣಿಕೆ) 2461145.5. ಆದ್ದರಿಂದ ಟಿಟಿಯಲ್ಲಿ 2461146.209134.

ಟಿ = (2461146.209134 − 2451545.0) ÷ 36525 = 0.26286678 ಜೂಲಿಯನ್ ಶತಮಾನ

ಈ 69 ಸೆಕೆಂಡು ಮರೆತರೆ ಅಯನಚಲನೆಯಲ್ಲಿ ಆಗುವ ತಪ್ಪು ವಿಕಲೆಯ ಹತ್ತುಸಾವಿರದ ಒಂದಂಶ, ಲೆಕ್ಕಕ್ಕೇ ಬರುವುದಿಲ್ಲ. ಆದರೆ ಇದೇ ಟಿಟಿಯನ್ನು ಮುಂದೆ ನಾಕ್ಷತ್ರಿಕ ಕಾಲಕ್ಕೆ (ನಕ್ಷತ್ರಗಳಿಗೆ ಹೋಲಿಸಿ ಭೂಮಿ ಎಷ್ಟು ತಿರುಗಿದೆ ಎಂಬ ಲೆಕ್ಕಕ್ಕೆ) ಬಳಸಿದಿರೋ, 69 ಸೆಕೆಂಡು × 15 = ಸುಮಾರು 17 ಕಲೆ ತಪ್ಪಿಹೋಗುತ್ತದೆ. ಅಕ್ಷ ಎಲ್ಲಿದೆ ಎಂಬುದಕ್ಕೆ ಟಿಟಿ, ಭೂಮಿ ಎಷ್ಟು ತಿರುಗಿದೆ ಎಂಬುದಕ್ಕೆ ಯುಟಿ1. ಇವೆರಡನ್ನೂ ಬೇರೆಬೇರೆ ಹೆಸರಿನಲ್ಲಿ ಬರೆದಿಡಿ, ಒಂದೇ ‘ಜೂಲಿಯನ್ ದಿನ’ ಎಂಬ ಹೆಸರಿನಡಿ ಎರಡನ್ನೂ ತುರುಕಬೇಡಿ.

ಹಂತ 2: ನಕ್ಷತ್ರದ ಸ್ವಂತ ಚಲನೆ

ಚಿತ್ತಾದ 2000ನೇ ಇಸವಿಯ ಸ್ಥಾನ: ವಿಷುವದಂಶ 13ಗಂ 25ನಿ 11.579ಸೆ, ಕ್ರಾಂತಿ −11°09′40.75″. ಸ್ವಂತ ಚಲನೆ ವರ್ಷಕ್ಕೆ −0.04235″ ಮತ್ತು −0.03067″.

ಮೊದಲ ಅಂಕಿಯಲ್ಲಿ ಒಂದು ಗುಂಡಿ ಇದೆ. ಹಿಪ್ಪಾರ್ಕೋಸ್, ಗಯಾ ಎಂಬ ಉಪಗ್ರಹಗಳ ನಕ್ಷತ್ರಪಟ್ಟಿಗಳು ಅದನ್ನು ಕೊಸೈನ್(ಕ್ರಾ) ಇಂದ ಗುಣಿಸಿಯೇ ಕೊಡುತ್ತವೆ. ವಿಷುವದಂಶಕ್ಕೆ ಕೂಡಿಸುವ ಮುಂಚೆ ಅದರಿಂದ ಭಾಗಿಸಲೇಬೇಕು. 26.2867 ವರ್ಷಕ್ಕೆ −1.113″, ಅದನ್ನು 0.98109 ಇಂದ ಭಾಗಿಸಿದರೆ −1.135″, ಅಂದರೆ −0.0756 ಸೆಕೆಂಡು. ಕ್ರಾಂತಿಗೆ −0.806″.

ಹೊಸ ಬೆಲೆ: ವಿ0 = 201.2979322°, ಕ್ರಾ0 = −11.1615434°.

ಗಯಾದ ಮೂರನೇ ಬಿಡುಗಡೆಯ ಪಟ್ಟಿಯಿಂದ ಅಂಕಿ ತೆಗೆದುಕೊಂಡರೆ ಇನ್ನೊಂದು ಎಚ್ಚರ. ಅಲ್ಲಿ ಚೌಕಟ್ಟು 2000ದ್ದಕ್ಕೆ ಸರಿಸಮ, ಆದರೆ ನಕ್ಷತ್ರದ ಸ್ಥಾನ 2016.0ರದ್ದು. ಸ್ವಂತ ಚಲನೆಯನ್ನು 2016ರಿಂದ ಎಣಿಸಬೇಕು, ಅಯನಚಲನೆಯನ್ನು 2000ದಿಂದ. ಇವೆರಡನ್ನು ಒಂದೇ ಅಂದುಕೊಳ್ಳುವುದು ಅನುಭವಿಗಳೂ ಮಾಡುವ ತಪ್ಪು.

ಹಂತ 3: ಅಯನಚಲನೆಯ ಮೂರು ಕೋನಗಳು

ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ 2006ರ ಮಾದರಿಯಲ್ಲಿ, ವಿಕಲೆಗಳಲ್ಲಿ:

ಝೀಟಾ = 2.650545 + 2306.083227 ಟಿ + 0.2988499 ಟಿ² + 0.01801828 ಟಿ³
ಝೆಡ್ = −2.650545 + 2306.077181 ಟಿ + 1.0927348 ಟಿ² + 0.01826837 ಟಿ³
ಥೀಟಾ = 2004.191903 ಟಿ − 0.4294934 ಟಿ² − 0.04182264 ಟಿ³

ನಾಲ್ಕು, ಐದನೇ ಘಾತದ ಪದಗಳೂ ಇವೆ. 2000ದ ಆಚೀಚೆ ನೂರಿನ್ನೂರು ವರ್ಷಕ್ಕೆ ಅವು ಬೇಡ. 2.650545 ಎಂಬ ಸ್ಥಿರ ಪದವನ್ನು ಕಂಡು ಮುದ್ರಣದೋಷ ಎಂದು ಕೆಲವರು ಅಳಿಸಿಬಿಡುತ್ತಾರೆ. ಅದು ದೋಷವಲ್ಲ. ಟಿ ಸೊನ್ನೆಯಿದ್ದಾಗ ಎರಡೂ ಒಂದನ್ನೊಂದು ಕಳೆದುಕೊಳ್ಳುತ್ತವೆ.

ನಮ್ಮ ಟಿ ಹಾಕಿದರೆ:

ಝೀಟಾ = 608.864″ = 0.1691289°
ಝೆಡ್ = 603.616″ = 0.1676712°
ಥೀಟಾ = 526.805″ = 0.1463347°

ಹಂತ 4: ತಿರುಗಿಸುವುದು

ಝೀಟಾ ಕೂಡಿಸಿದ ಕೋನ ವಿ0 + ಝೀಟಾ = 201.4670611°. ಇದರ ಸೈನ್ −0.3659663, ಕೊಸೈನ್ −0.9306281. ಕ್ರಾ0ದ ಸೈನ್ −0.1935759, ಕೊಸೈನ್ 0.9810853.

ಕ = ಕೊಸೈನ್(ಕ್ರಾ0) × ಸೈನ್(ವಿ0 + ಝೀಟಾ)
ಖ = ಕೊಸೈನ್(ಥೀಟಾ) × ಕೊಸೈನ್(ಕ್ರಾ0) × ಕೊಸೈನ್(ವಿ0 + ಝೀಟಾ) − ಸೈನ್(ಥೀಟಾ) × ಸೈನ್(ಕ್ರಾ0)
ಗ = ಸೈನ್(ಥೀಟಾ) × ಕೊಸೈನ್(ಕ್ರಾ0) × ಕೊಸೈನ್(ವಿ0 + ಝೀಟಾ) + ಕೊಸೈನ್(ಥೀಟಾ) × ಸೈನ್(ಕ್ರಾ0)

ಬೆಲೆಗಳು: ಕ = −0.3590441, ಖ = −0.9125282, ಗ = −0.1959072.

ವಿಷುವದಂಶ = ಝೆಡ್ + ಕ/ಖದ ವಿಲೋಮ ಟ್ಯಾನ್. ಕ, ಖ ಎರಡೂ ಋಣ, ಆದ್ದರಿಂದ ಕೋನ ಮೂರನೇ ಪಾದದಲ್ಲಿದೆ: 201.4776963°. ಸಾದಾ ಕ್ಯಾಲ್ಕುಲೇಟರ್ 21.4777° ಎಂದು ತೋರಿಸಿ ಸುಮ್ಮನಾಗುತ್ತದೆ, 180 ಕೂಡಿಸುವುದು ನಿಮ್ಮ ಹೊಣೆ. ಪ್ರೋಗ್ರಾಂ ಬರೆಯುವವರು ಎರಡು ಆರ್ಗ್ಯುಮೆಂಟಿನ ‘ಎಟ್ಯಾನ್2’ ಬಿಟ್ಟು ಬೇರೆ ಏನನ್ನೂ ಬಳಸಬಾರದು.

ಏಪ್ರಿಲ್ 15ರ ಸರಾಸರಿ ಸ್ಥಾನ: 201.6453675° = 13ಗಂ 26ನಿ 34.888ಸೆ. ಕ್ರಾಂತಿ ಗ ದ ವಿಲೋಮ ಸೈನ್: −11°17′51.80″.

ಸ್ವಂತ ಚಲನೆಯನ್ನು ಬಿಟ್ಟರೆ ವಿಷುವದಂಶ 83.385 ಸೆಕೆಂಡು, ಕ್ರಾಂತಿ −490.24″ ಬದಲಾಗಿದೆ. ಬದಿಯಲ್ಲಿ ಬರೆದಿಟ್ಟ ಸರಳ ಸೂತ್ರದ ಅಂಕಿಗೆ ಹೋಲಿಸಿ ನೋಡಿ.

ನೂರಾರು ನಕ್ಷತ್ರಗಳಿದ್ದರೆ ಅಥವಾ ಧ್ರುವದ ಹತ್ತಿರವಿದ್ದರೆ ಮ್ಯಾಟ್ರಿಕ್ಸೇ ಸೈ. ಒಂದು, ಎರಡು, ಮೂರನೇ ಅಕ್ಷಗಳ ಸುತ್ತ ಚೌಕಟ್ಟನ್ನು ತಿರುಗಿಸುವ ಮ್ಯಾಟ್ರಿಕ್ಸುಗಳನ್ನು ತಿ1, ತಿ2, ತಿ3 ಎಂದರೆ:

ಅಯನ = ತಿ3(−ಝೆಡ್) × ತಿ2(ಥೀಟಾ) × ತಿ3(−ಝೀಟಾ)

ಬಲತುದಿಯಲ್ಲಿರುವುದು ಮೊದಲು ಕೆಲಸ ಮಾಡುತ್ತದೆ. ತಿ3(ಕೋನ)ದ ಮೊದಲ ಸಾಲು ಕೊಸೈನ್, +ಸೈನ್, 0. ಎರಡನೇ ಸಾಲು −ಸೈನ್, ಕೊಸೈನ್, 0. ಗ್ರಾಫಿಕ್ಸ್ ಪುಸ್ತಕಗಳಲ್ಲಿ ವಸ್ತುವನ್ನು ತಿರುಗಿಸುವ ಮ್ಯಾಟ್ರಿಕ್ಸ್ ಇರುತ್ತದೆ, ಅದರ ಸೈನ್ ಚಿಹ್ನೆ ತಿರುಗುಮುರುಗು. ಅದನ್ನು ತಂದು ಇಲ್ಲಿ ಹಾಕಿದರೆ ನಕ್ಷತ್ರ 26 ವರ್ಷ ಮುಂದೆ ಹೋಗುವ ಬದಲು 26 ವರ್ಷ ಹಿಂದೆ ಹೋಗುತ್ತದೆ, ತಪ್ಪು 22 ಕಲೆಯಿಂದ 44 ಕಲೆಗೆ ಏರುತ್ತದೆ. ಮೂಲಕ್ಕಿಂತ ಎರಡು ಪಟ್ಟು ದೂರ ಕಂಡಾಗಲೆಲ್ಲ ಮೊದಲು ಈ ಚಿಹ್ನೆಯನ್ನು ಅನುಮಾನಿಸಿ.

ನಮ್ಮ ದಿನಕ್ಕೆ ಮ್ಯಾಟ್ರಿಕ್ಸ್ ಹೀಗೆ ಬರಬೇಕು: ಮೊದಲ ಸಾಲು 0.9999795, −0.0058782, −0.0025540, ಎರಡನೇ, ಮೂರನೇ ಸಾಲುಗಳ ಮೊದಲ ಅಂಕಿ +0.0058782 ಮತ್ತು +0.0025540; ಕೊನೆಯ ಮೂಲೆ 0.9999967. ಇಷ್ಟು ತಾಳೆಯಾದರೆ ಉಳಿದದ್ದೂ ಸರಿಯಿರುತ್ತದೆ. ವಾಪಸ್ 2000ಕ್ಕೆ ಬರಬೇಕಾದರೆ ಮ್ಯಾಟ್ರಿಕ್ಸಿನ ಸಾಲು-ಕಂಬ ಅದಲುಬದಲು ಮಾಡಿದರೆ ಸಾಕು. ಟಿಯನ್ನು ಋಣ ಮಾಡಿ ಮತ್ತೆ ಲೆಕ್ಕ ಹಾಕಬೇಡಿ, ಅದು ಬೇರೆಯದೇ ದಿನಕ್ಕೆ ಒಯ್ಯುತ್ತದೆ.

ಹಂತ 5: ನ್ಯೂಟೇಶನ್ ಕೋನಗಳು

ಈ ಹಂತಕ್ಕೆ ನಮ್ಮ ಪಂಚಾಂಗದವರಿಗೆ ಪರಿಚಯವಿರುವ ಐದು ಕೋನ ಬೇಕು:

ರಾ, ಸರಾಸರಿ ರಾಹು = 125.04456 − 1934.13626 ಟಿ
ಸೂ, ಸೂರ್ಯನ ಸರಾಸರಿ ರೇಖಾಂಶ = 280.4665 + 36000.7698 ಟಿ
ಚಂ, ಚಂದ್ರನ ಸರಾಸರಿ ರೇಖಾಂಶ = 218.3165 + 481267.8813 ಟಿ
ಸೂಕೇ, ಸೂರ್ಯನ ಮಂದಕೇಂದ್ರ (ಕಕ್ಷೆಯ ಅತಿ ಹತ್ತಿರದ ಬಿಂದುವಿನಿಂದ ಎಣಿಸುವ ಸರಾಸರಿ ಕೋನ) = 357.5291 + 35999.0503 ಟಿ
ಚಂಕೇ, ಚಂದ್ರನ ಮಂದಕೇಂದ್ರ = 134.9634 + 477198.8676 ಟಿ

ಎಲ್ಲ ಡಿಗ್ರಿಗಳಲ್ಲಿ. 360ರ ಗುಣಕಗಳನ್ನು ತೆಗೆದರೆ: ರಾ 336.6244°, ಸೂ 23.8729°, ಚಂ 7.6548°, ಸೂಕೇ 100.4835°, ಚಂಕೇ 294.6931°.

ಟಿಯಲ್ಲಿ ದಶಾಂಶಗಳನ್ನು ಉಳಿಸಿಕೊಳ್ಳುವುದು ಇಲ್ಲಿಯೇ ಮುಖ್ಯ. ಚಂದ್ರನ ಗುಣಕ ನಾಲ್ಕು ಲಕ್ಷ ಎಂಬತ್ತೊಂದು ಸಾವಿರ. ಟಿಯನ್ನು ನಾಲ್ಕು ದಶಾಂಶಕ್ಕೆ ಕತ್ತರಿಸಿದರೆ ಚಂದ್ರ ಹತ್ತಾರು ಡಿಗ್ರಿ ಪಕ್ಕಕ್ಕೆ ಹೋಗಬಹುದು.

ತಾಳೆ ನೋಡಲು ಮನೆಯ ಗೋಡೆಯ ಪಂಚಾಂಗ ಸಾಕು. ರಾಹುವಿನ 336.62°ಯಿಂದ ಚಿತ್ರಾಪಕ್ಷ ಅಯನಾಂಶ ಸುಮಾರು 24.2° ಕಳೆದರೆ 312.4°, ಅಂದರೆ ಕುಂಭದಲ್ಲಿ ಹನ್ನೆರಡು ಡಿಗ್ರಿ. ಪಂಚಾಂಗದಲ್ಲೂ ಆ ದಿನ ರಾಹು ಕುಂಭದಲ್ಲೇ ಇದ್ದಾನೆ. ಚಂದ್ರ ಸೂರ್ಯನಿಗಿಂತ ಸರಾಸರಿ 16° ಹಿಂದೆ ಇರುವುದೂ ಅಮಾವಾಸ್ಯೆಗೆ ಎರಡು ದಿನ ಮುಂಚಿನ ಸ್ಥಿತಿಗೆ ಒಪ್ಪುತ್ತದೆ.

ಈಗ ಪದಗಳು. ಮೊದಲ ಅಂಕಿಯನ್ನು ಕೋನದ ಸೈನ್‌ಗೆ ಗುಣಿಸಿ ಕೂಡಿದರೆ ಡೆಲ್ಟಾ ಸೈ (ರೇಖಾಂಶದ ನ್ಯೂಟೇಶನ್), ಎರಡನೆಯದನ್ನು ಕೊಸೈನ್‌ಗೆ ಗುಣಿಸಿ ಕೂಡಿದರೆ ಡೆಲ್ಟಾ ಎಪ್ಸಿಲಾನ್ (ಓರೆಯ ನ್ಯೂಟೇಶನ್), ಎರಡೂ ವಿಕಲೆಗಳಲ್ಲಿ:

ರಾ: −17.2064, +9.2052
2ಸೂ: −1.3171, +0.5730
2ಚಂ: −0.2276, +0.0978
2ರಾ: +0.2075, −0.0897
ಸೂಕೇ: +0.1476, +0.0074
ಚಂಕೇ: +0.0711, −0.0007
2ಸೂ + ಸೂಕೇ: −0.0517, +0.0224
2ಚಂ − ರಾ: −0.0387, +0.0201
2ಚಂ + ಚಂಕೇ: −0.0301, +0.0129
2ಸೂ − ಸೂಕೇ: +0.0216, −0.0096

ಮೊದಲ ನಾಲ್ಕು ಪದಗಳೇ 5.641″ ಮತ್ತು 8.868″ ಕೊಡುತ್ತವೆ. ಹತ್ತೂ ಸೇರಿದರೆ ಡೆಲ್ಟಾ ಸೈ = 5.676″, ಡೆಲ್ಟಾ ಎಪ್ಸಿಲಾನ್ = 8.865″. ಹತ್ತರ ನಂತರವೂ ಕೆಲವು ಪದ 0.012″–0.016″ ಗಾತ್ರದವು ಉಳಿದಿವೆ, ಹಾಗಾಗಿ ಡೆಲ್ಟಾ ಸೈಯ ಎರಡನೇ ದಶಾಂಶವನ್ನು ಪೂರ್ತಿ ನಂಬಬೇಡಿ. 1980ರ ಮಾದರಿಯಲ್ಲಿ 106 ಪದ, 2000ಬಿ ಮಾದರಿಯಲ್ಲಿ 77 ಪದ, 2000ಎ ಮಾದರಿಯಲ್ಲಿ 1365 ಪದ. ನಮ್ಮ ಅಭಿಪ್ರಾಯದಲ್ಲಿ ಕಾಲೇಜಿನ ಪ್ರಾಜೆಕ್ಟಿಗೆ, ಆರು-ಎಂಟು ಇಂಚಿನ ದೂರದರ್ಶಕಕ್ಕೆ 2000ಬಿ ಬೇಕಾದ್ದಕ್ಕಿಂತ ಹೆಚ್ಚೇ. ನಮ್ಮ ಕಾಲಕ್ಕೆ ಅದರ ತಪ್ಪು ವಿಕಲೆಯ ಸಾವಿರದ ಒಂದಂಶದ ಮಟ್ಟದ್ದು.

ಹಂತ 6: ನ್ಯೂಟೇಶನ್ ಸೇರಿಸುವುದು

ಕ್ರಾಂತಿವೃತ್ತದ ಸರಾಸರಿ ಓರೆ = 84381.406 − 46.836769 ಟಿ ವಿಕಲೆ. ನಮಗೆ 84369.094″, ಅಂದರೆ 23°26′09.09″. ಡೆಲ್ಟಾ ಎಪ್ಸಿಲಾನ್ ಕೂಡಿಸಿದ ನಿಜ ಓರೆ 23°26′17.96″.

ವಿಷುವದಂಶಕ್ಕೆ: (ಕೊಸೈನ್ ಓರೆ + ಸೈನ್ ಓರೆ × ಸೈನ್ ವಿ × ಟ್ಯಾನ್ ಕ್ರಾ) × ಡೆಲ್ಟಾ ಸೈ − ಕೊಸೈನ್ ವಿ × ಟ್ಯಾನ್ ಕ್ರಾ × ಡೆಲ್ಟಾ ಎಪ್ಸಿಲಾನ್
ಕ್ರಾಂತಿಗೆ: ಸೈನ್ ಓರೆ × ಕೊಸೈನ್ ವಿ × ಡೆಲ್ಟಾ ಸೈ + ಸೈನ್ ವಿ × ಡೆಲ್ಟಾ ಎಪ್ಸಿಲಾನ್

ಇಲ್ಲಿ ವಿ, ಕ್ರಾ ಎಂದರೆ ಹಂತ 4ರ ಉತ್ತರ, 2000ದ ಅಂಕಿಯಲ್ಲ. ಬೆಲೆ ಹಾಕಿದರೆ 5.374 − 1.646 = 3.728″, ಅಂದರೆ 0.249 ಸೆಕೆಂಡು, ಕ್ರಾಂತಿಗೆ −2.098 − 3.270 = −5.368″.

ನಿಜ ಸ್ಥಾನ: 13ಗಂ 26ನಿ 35.14ಸೆ, −11°17′57.17″.

ಮ್ಯಾಟ್ರಿಕ್ಸಿನಲ್ಲಿ ಇದೇ ಕೆಲಸ: ನ್ಯೂಟೇಶನ್ = ತಿ1(−ನಿಜ ಓರೆ) × ತಿ3(−ಡೆಲ್ಟಾ ಸೈ) × ತಿ1(ಸರಾಸರಿ ಓರೆ). ಅಯನದ ಎಡಕ್ಕೆ ಇಟ್ಟು ಗುಣಿಸಬೇಕು. ಬಲಕ್ಕೆ ಇಟ್ಟರೂ ಉತ್ತರ ಬರುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ, ತಪ್ಪು ವಿಕಲೆಯ ನೂರರ ಕೆಲವು ಅಂಶ ಮಾತ್ರ. ಹಾಗೆ ಕಾಣದೆ ಉಳಿಯುವುದೇ ಅದರ ಅಪಾಯ.

ಮೂಲ ಪಟ್ಟಿಯ ಚೌಕಟ್ಟಿಗೂ 2000ದ ಸರಾಸರಿ ವಿಷುವದ್ವೃತ್ತಕ್ಕೂ ಸುಮಾರು 0.02″ ವ್ಯತ್ಯಾಸವಿದೆ. ಅದನ್ನು ನಾವು ಇಲ್ಲಿ ಬಿಟ್ಟಿದ್ದೇವೆ. ಅದೂ ಬೇಕಾದರೆ ಎಲ್ಲಕ್ಕಿಂತ ಮೊದಲು, ಮ್ಯಾಟ್ರಿಕ್ಸುಗಳ ಬಲತುದಿಯಲ್ಲಿ ಸೇರಬೇಕು.

ಹಂತ 7: ಧಾರವಾಡದ ಆಕಾಶಕ್ಕೆ ಇಳಿಸುವುದು

ಇಲ್ಲಿಯವರೆಗಿನ ಅಂಕಿಗಳು ಧಾರವಾಡಕ್ಕೂ ಒಂದೇ, ಗದಗಕ್ಕೂ ಒಂದೇ. ಊರು ಬರುವುದು ಈಗ.

ಯುಟಿಸಿ 17:00ಕ್ಕೆ ಗ್ರೀನಿಚ್ ಸರಾಸರಿ ನಾಕ್ಷತ್ರಿಕ ಕಾಲ 6ಗಂ 35ನಿ 27.92ಸೆ. ಯುಟಿ1 ಮತ್ತು ಯುಟಿಸಿ ಒಂದೇ ಎಂದು ಹಿಡಿದಿದ್ದೇವೆ. ಅವುಗಳ ಅಂತರ 0.9 ಸೆಕೆಂಡು ದಾಟದಂತೆ ನೋಡಿಕೊಳ್ಳುತ್ತಾರೆ. ನ್ಯೂಟೇಶನ್ ಇಲ್ಲಿಯೂ ಸೇರಬೇಕು: ಡೆಲ್ಟಾ ಸೈ × ಕೊಸೈನ್ ಓರೆ = 5.21″ = 0.347 ಸೆಕೆಂಡು. ನಕ್ಷತ್ರಕ್ಕೆ ನ್ಯೂಟೇಶನ್ ಹಾಕಿ ಗಡಿಯಾರಕ್ಕೆ ಹಾಕದಿದ್ದರೆ ಹೋರಾಕೋನದಲ್ಲಿ (ನಕ್ಷತ್ರ ದಕ್ಷಿಣೋತ್ತರ ರೇಖೆಯಿಂದ ಎಷ್ಟು ಆಚೀಚೆ ಇದೆ ಎಂಬ ಕೋನದಲ್ಲಿ) ಅಷ್ಟೂ ತಪ್ಪು ಉಳಿಯುತ್ತದೆ. ಅದಕ್ಕಿಂತ ಎರಡಕ್ಕೂ ಹಾಕದಿರುವುದೇ ಮೇಲು.

ಧಾರವಾಡದ ರೇಖಾಂಶ 75.01° ಪೂರ್ವ, ಅಂದರೆ 5ಗಂ 0ನಿ 2.4ಸೆ. ಸ್ಥಳೀಯ ನಾಕ್ಷತ್ರಿಕ ಕಾಲ 11ಗಂ 35ನಿ 30.7ಸೆ. ಚಿತ್ತಾ ಇನ್ನೂ 1ಗಂ 51ನಿ ಪೂರ್ವಕ್ಕಿದೆ, ಅಕ್ಷಾಂಶ 15.46° ಹಾಕಿದರೆ ಉನ್ನತಾಂಶ (ದಿಗಂತದಿಂದ ಎತ್ತರ) ಸುಮಾರು 51.6°. ನಡುರಾತ್ರಿ ಕಳೆದು ಸುಮಾರು 12:20ಕ್ಕೆ ಅದು ದಕ್ಷಿಣೋತ್ತರ ರೇಖೆ ದಾಟುತ್ತದೆ, ಆಗ ಎತ್ತರ 63.2°. ಗದಗ 75.63°ರಲ್ಲಿರುವುದರಿಂದ ಅಲ್ಲಿ ಎರಡೂವರೆ ನಿಮಿಷ ಮೊದಲೇ ದಾಟುತ್ತದೆ. ಹಾವೇರಿ 14.79°ರಲ್ಲಿರುವುದರಿಂದ ಅಲ್ಲಿ ಮುಕ್ಕಾಲು ಡಿಗ್ರಿಗಿಂತ ತುಸು ಕಡಿಮೆ ಹೆಚ್ಚು ಎತ್ತರಕ್ಕೆ ಬರುತ್ತದೆ.

ಇನ್ನೊಂದು ತಿದ್ದುಪಡಿಯನ್ನು ಮರೆಯಬಾರದು. ಭೂಮಿಯ ಓಟದಿಂದ ಬೆಳಕಿನ ದಿಕ್ಕು ಓರೆಯಾಗಿ ಕಾಣುವುದು 20.5″ವರೆಗೆ ಇರುತ್ತದೆ, ನ್ಯೂಟೇಶನ್‌ಗಿಂತ ದೊಡ್ಡದು. ಆ ರಾತ್ರಿ ಚಿತ್ತಾದ ವಿಷುವದಂಶಕ್ಕೆ ಅದು ಸುಮಾರು +1.3 ಸೆಕೆಂಡು. ಅದನ್ನು ಬಿಟ್ಟು ನ್ಯೂಟೇಶನ್‌ನ 1365 ಪದ ಕೂಡಿಸುತ್ತ ಕೂರುವುದು ವ್ಯರ್ಥ ಶ್ರಮ.

ಎಲ್ಲಿ ಎಡವುತ್ತಾರೆ

ಎರಡೆರಡು ಸಲ ಅಯನಚಲನೆ ಹಾಕುವುದು ಎಲ್ಲಕ್ಕಿಂತ ಸಾಮಾನ್ಯ. ಇವತ್ತಿನ ಸ್ಥಾನವನ್ನು ನೀವು ಲೆಕ್ಕ ಹಾಕಿ ಕೊಡುತ್ತೀರಿ, ಮೌಂಟಿನ ತಂತ್ರಾಂಶ ಅದನ್ನು 2000ದ್ದೆಂದು ತಿಳಿದು ಮತ್ತೊಮ್ಮೆ ಸರಿಸುತ್ತದೆ. ಮೆನುವಿನಲ್ಲಿ ‘ಜೆ2000’ (2000ದ ಸ್ಥಾನ) ಇದೆಯೋ ‘ಜೆನೌ’ (ಇವತ್ತಿನ ಸ್ಥಾನ) ಇದೆಯೋ ಮೊದಲು ನೋಡಿ. ನಕ್ಷತ್ರ ಪ್ರತಿ ಸಲವೂ 22 ಕಲೆಯಷ್ಟೇ ಪಕ್ಕದಲ್ಲಿ ಸಿಗುತ್ತಿದ್ದರೆ ಕಾರಣ ಇದೇ.

ಹಳೆಯ ಮತ್ತು ಹೊಸ ಮಾದರಿಗಳನ್ನು ಬೆರೆಸುವುದು ಇನ್ನೊಂದು. 1976ರ ಅಯನಚಲನೆಯ ವೇಗ ಶತಮಾನಕ್ಕೆ ಸುಮಾರು 0.3″ ಹೆಚ್ಚಿತ್ತು, ಅದರ ಜೊತೆಗಿನ ಓರೆ 84381.448″. ಒಂದನ್ನು ಅಲ್ಲಿಂದ, ಇನ್ನೊಂದನ್ನು 2006ರಿಂದ ತಂದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ. ಸೂರ್ಯಸಿದ್ಧಾಂತದ ವರ್ಷಕ್ಕೆ 54″ ಎಂಬ ಬೆಲೆಯನ್ನು ಇತಿಹಾಸವಾಗಿ ಓದಿ, ಗೌರವಿಸಿ, ಆದರೆ ಈ ಲೆಕ್ಕದೊಳಗೆ ತರಬೇಡಿ.

ವಿಕಲೆಯಿಂದ ರೇಡಿಯನ್‌ಗೆ ಬರಲು 206264.806 ಇಂದ ಭಾಗಿಸಬೇಕು. ಸೈನ್ ಫಂಕ್ಷನ್ನಿಗೆ ಡಿಗ್ರಿ ಕೊಟ್ಟಿದ್ದೀರಾ, ರೇಡಿಯನ್ ಕೊಟ್ಟಿದ್ದೀರಾ ಎಂಬುದು ಪ್ರತಿ ಸಾಲಿನಲ್ಲೂ ನೋಡಬೇಕಾದ ಸಂಗತಿ.

ತಂತ್ರಾಂಶದ ಜೊತೆ ತಾಳೆ

ಖಗೋಳ ಒಕ್ಕೂಟದ ‘ಸೋಫಾ’ ಪ್ರೋಗ್ರಾಂ ಸಂಗ್ರಹ ಮತ್ತು ಅದರಿಂದ ಬಂದ ‘ಎರ್ಫಾ’ದಲ್ಲಿ ಚೌಕಟ್ಟಿನ ವ್ಯತ್ಯಾಸ, ಅಯನಚಲನೆ, ನ್ಯೂಟೇಶನ್ ಮೂರೂ ಸೇರಿದ ಮ್ಯಾಟ್ರಿಕ್ಸ್ ಒಂದೇ ರೂಟೀನಿನಲ್ಲಿ ಸಿಗುತ್ತದೆ, ಅದರ ಹೆಸರು ‘ಪಿಎನ್‌ಎಂ06ಎ’. ಜೂಲಿಯನ್ ದಿನವನ್ನು ಅದು ಎರಡು ತುಂಡಾಗಿ ಕೇಳುತ್ತದೆ. 2451545.0 ಒಂದು, ಉಳಿದ 9601.209134 ಇನ್ನೊಂದು ಎಂದು ಕೊಡಿ, ದಶಾಂಶಗಳು ಉಳಿಯುತ್ತವೆ.

ಪೈಥಾನಿನ ಖಗೋಳ ಲೆಕ್ಕದ ಸಂಗ್ರಹವಾದ ಆಸ್ಟ್ರೋಪೈ ಬಳಸುವವರು ಚೌಕಟ್ಟಿನ ಹೆಸರನ್ನು ಗಮನಿಸಬೇಕು. ನಮ್ಮ ಉತ್ತರಕ್ಕೆ ಹೋಲಿಸಬೇಕಾದದ್ದು ‘ಟಿಇಟಿಇ’, ಅಂದರೆ ನಿಜ ವಿಷುವದ್ವೃತ್ತ ಮತ್ತು ನಿಜ ವಿಷುವ ಬಿಂದುವಿನ ಚೌಕಟ್ಟು. ‘ಸಿಐಆರ್‌ಎಸ್’ ಚೌಕಟ್ಟಿನಲ್ಲಿ ಕ್ರಾಂತಿ ಅದೇ ಇದ್ದರೂ ವಿಷುವದಂಶ ಸುಮಾರು 81 ಸೆಕೆಂಡು ಕಡಿಮೆ ಬರುತ್ತದೆ. ಅಲ್ಲಿ ವಿಷುವದಂಶವನ್ನು ಎಣಿಸುವುದು ವಿಷುವ ಬಿಂದುವಿನಿಂದ ಅಲ್ಲ, ಬೇರೊಂದು ಮೂಲಬಿಂದುವಿನಿಂದ. ಅದರ ಜೊತೆಗೆ ನಾಕ್ಷತ್ರಿಕ ಕಾಲವನ್ನಲ್ಲ, ಭೂಮಿಯ ಭ್ರಮಣ ಕೋನವನ್ನು ಬಳಸಬೇಕು. ಎರಡು ಪದ್ಧತಿಯೂ ಸರಿ, ಅರ್ಧ ಇದು ಅರ್ಧ ಅದು ಮಾಡಿದರೆ ನಕ್ಷತ್ರ 20 ಕಲೆ ತಪ್ಪುತ್ತದೆ. ಟಿಇಟಿಇಯಲ್ಲಿ ಬೆಳಕಿನ ಓರೆಯ ತಿದ್ದುಪಡಿಯೂ ಸೇರಿರುತ್ತದೆ, ಆದ್ದರಿಂದ ನಮ್ಮ 35.14 ಸೆಕೆಂಡಿಗೆ 1.3 ಕೂಡಿಸಿಯೇ ಹೋಲಿಸಿ.

ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು ಬೇಡ ಎನ್ನುವವರಿಗೆ ಆಕಾಶ ತೋರಿಸುವ ತಂತ್ರಾಂಶ ಸ್ಟೆಲೇರಿಯಂ ಇದೆ. ಊರು ಧಾರವಾಡ, ಸಮಯ ಏಪ್ರಿಲ್ 15ರ ರಾತ್ರಿ 10:30 ಎಂದು ಇಟ್ಟು ಚಿತ್ತಾದ ಮೇಲೆ ಕ್ಲಿಕ್ ಮಾಡಿದರೆ 2000ದ ಸ್ಥಾನ ಮತ್ತು ಆ ದಿನದ ಸ್ಥಾನ ಎರಡೂ ಒಂದರ ಕೆಳಗೆ ಒಂದು ಕಾಣುತ್ತವೆ. ಮೊದಲು ಅವೆರಡರ ಅಂತರ ಬರೆದುಕೊಳ್ಳಿ, ಆಮೇಲೆ ಸೆಟ್ಟಿಂಗಿನಲ್ಲಿ ನ್ಯೂಟೇಶನ್ ತೆಗೆದು, ಹಾಕಿ, ಕ್ರಾಂತಿಯ ವಿಕಲೆಗಳು ಐದರಷ್ಟು ಏರಿಳಿಯುವುದನ್ನು ನೋಡಿ.